ಅಸಲಿ ಗಾಡಿಗೆ ಸಾಕ್ಷಿ ಯಾರು?

ಕುಮಟೆ ಪೇಟೆಯಲ್ಲಿ ಚಿನ್ನ ಅಸಲಿಯೇ ಎಂದು ತಿಳಿಯಲು ಹೆಚ್ಚು ಹೊತ್ತು ಬೇಡ. ಶೇಟರು ಒರೆಗಲ್ಲಿನ ಮೇಲೆ ಒಮ್ಮೆ ಉಜ್ಜುತ್ತಾರೆ, ಗೆರೆಯ ಬಣ್ಣ ನೋಡುತ್ತಾರೆ, ಹೇಳಿಬಿಡುತ್ತಾರೆ. ಹಳೆಯ ಗಾಡಿಗೆ ಅಂಥದೊಂದು ಕಲ್ಲು ಇಲ್ಲ. ಗ್ಯಾರೇಜಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ಕೂತ ಬೈಕನ್ನು ತೋರಿಸಿ, "ಇದು ಸಾದಾ ಗಾಡಿ ಅಲ್ಲ ಮಾರಾಯ್ರೆ, ಎಚ್‌ಟಿ" ಎಂದು ಯಾರಾದರೂ ಅಂದರೆ ಸಾಕು, ಅದರ ಬೆಲೆ ನಿಂತಲ್ಲೇ ಏರುತ್ತದೆ. ಆ ಎರಡು ಅಕ್ಷರ ನಿಜವೇ ಎಂದು ಒರೆಗೆ ಹಚ್ಚುವುದು ಹೇಗೆ? ಹಚ್ಚಬೇಕಾದವರು ಯಾರು?

ಹಳೆಯ ಸ್ಪೋರ್ಟ್ಸ್ ಕಾರುಗಳ ವಿಶೇಷ ಆವೃತ್ತಿಗಳ ಬಗ್ಗೆ ಜಗತ್ತಿನಲ್ಲಿ ನಡೆಯುವ ದೊಡ್ಡ ವ್ಯಾಜ್ಯದ ಸಣ್ಣ ರೂಪ ಇದು. ಭಟ್ಕಳ, ಹೊನ್ನಾವರ, ಕುಮಟೆಯ ರಸ್ತೆಗಳಲ್ಲಿ ಹಳೆಯ ಪೋರ್ಷೆಯನ್ನು ಹುಡುಕಿಕೊಂಡು ಹೊರಟರೆ ಎದುರಾಗುವುದು ಮೀನಿನ ಲಾರಿ. ಸ್ಪೋರ್ಟ್ಸ್ ಕಾರೇ ನಮ್ಮ ದೇಶದಲ್ಲಿ ಅಪರೂಪ. ಸ್ಯಾನ್ ಸ್ಟಾರ್ಮ್ ಎಂಬ, ರೆನಾಲ್ಟ್ ಇಂಜಿನ್ ಹೊತ್ತ, ಫೈಬರ್ ಮೈಯ ಎರಡು ಸೀಟಿನ ಕಾರೊಂದು ಬಂದು ಹೋಯಿತು. ಅದನ್ನು ನೋಡಿದವರೇ ಕಡಿಮೆ. ನಮ್ಮ ತಲೆಮಾರಿನ ಸ್ಪೋರ್ಟ್ಸ್ ಕಾರಿಗೆ ಇದ್ದದ್ದು ಎರಡೇ ಚಕ್ರ: ಮೈಸೂರಿನ ಜಾವಾ ಮತ್ತು ಯೆಜ್ಡಿ, ಎಸ್ಕಾರ್ಟ್ಸ್ ಕಂಪನಿಯ ರಾಜ್‌ದೂತ್ 350, ಆಮೇಲೆ ಯಮಹಾ ಆರ್‌ಎಕ್ಸ್ 100. ಅಸಲಿ–ನಕಲಿಯ ಜಗಳವೂ ಇವುಗಳ ಸುತ್ತಲೇ ಇದೆ.

ವಿಶೇಷ ಎಲ್ಲಿ ಅಡಗಿದೆ?

ಮೊದಲು ಕೇಳಬೇಕಾದದ್ದು ಇದು: ಈ ಗಾಡಿಯ ವಿಶೇಷ ಅದರ ಯಾವ ಭಾಗದಲ್ಲಿದೆ? ಉತ್ತರ ಸಿಕ್ಕರೆ ಮೋಸ ಎಲ್ಲಿಂದ ಬರಬಹುದು ಎಂಬುದೂ ಗೊತ್ತಾಗುತ್ತದೆ.

ಕೆಲವು ವಿಶೇಷಗಳು ಮೈಯಲ್ಲೇ ಇರುತ್ತವೆ. 2003ರಲ್ಲಿ ಮಾರುತಿ ಕಂಪನಿ ಝೆನ್ ಕಾರಿನ ಕಾರ್ಬನ್, ಸ್ಟೀಲ್ ಎಂಬ ಎರಡು ಸೀಮಿತ ಆವೃತ್ತಿಗಳನ್ನು ತಂದಿತು. ಸಾದಾ ಝೆನ್‌ಗೆ ಐದು ಬಾಗಿಲು, ಇವಕ್ಕೆ ಮೂರೇ. ಐದು ಬಾಗಿಲಿನ ಮೈಯನ್ನು ಮೂರು ಬಾಗಿಲಿಗೆ ಇಳಿಸುವುದು ಟಿಂಕರಿಂಗ್ ಅಂಗಡಿಯಲ್ಲಿ ಆಗುವ ಕೆಲಸವಲ್ಲ. ಹಾಗಾಗಿ ಇಂಥ ಕಡೆ ಮೋಸಕ್ಕೆ ಜಾಗ ಕಡಿಮೆ. ಬಣ್ಣ, ಸ್ಟಿಕ್ಕರ್, ಸೀಟಿನ ಹೊದಿಕೆ ಇಷ್ಟರಲ್ಲೇ ಮುಗಿಯುವ ವಿಶೇಷ ಆವೃತ್ತಿಗಳ ಕತೆ ಬೇರೆ. ಅವನ್ನು ಸಂಜೆಯೊಳಗೆ ತಯಾರಿಸಿ ನಿಲ್ಲಿಸಬಹುದು.

ಮೂರನೆಯ ಬಗೆಯದು ಒಳಗಿನ ವಿಶೇಷ. ರಾಜ್‌ದೂತ್ 350 ಇದಕ್ಕೆ ತಕ್ಕ ಉದಾಹರಣೆ. ಜಪಾನಿನ ಯಮಹಾ ಆರ್‌ಡಿ 350ರ ಈ ಭಾರತೀಯ ರೂಪ 1983ರಲ್ಲಿ ರಸ್ತೆಗಿಳಿಯಿತು. 347 ಸಿಸಿ, ಎರಡು ಸಿಲಿಂಡರು, ಆರು ಗೇರು. ಮೊದಲು ಬಂದದ್ದು ಎಚ್‌ಟಿ, ಅಂದರೆ ಹೈ ಟಾರ್ಕ್, 30.5 ಅಶ್ವಶಕ್ತಿ. ಪೆಟ್ರೋಲ್ ಕುಡಿಯುತ್ತದೆ ಎಂಬ ದೂರು ಹೆಚ್ಚಿದಾಗ ಇಂಜಿನ್ನನ್ನು ಪಳಗಿಸಿ ಎಲ್‌ಟಿ ತಂದರು, 27 ಅಶ್ವಶಕ್ತಿ. ಹೊರಗಿನಿಂದ ಎರಡೂ ಅವಳಿ ಮಕ್ಕಳು. ಒಳಗಿನ ಮೂರೂವರೆ ಅಶ್ವಶಕ್ತಿಯ ವ್ಯತ್ಯಾಸವನ್ನು ಕಣ್ಣಿನಿಂದ ಹಿಡಿಯುವುದು ಪಳಗಿದ ಮೆಕ್ಯಾನಿಕ್‌ಗೂ ಸುಲಭವಲ್ಲ.

ನಾಲ್ಕನೆಯದು ಹುಟ್ಟೂರಿನ ವಿಶೇಷ. 1985ರ ಕೊನೆಗೆ ಬಂದ ಆರ್‌ಎಕ್ಸ್ 100ರ ಮೊದಲ ಕಂತಿನ ಗಾಡಿಗಳ ಬಿಡಿಭಾಗಗಳು ಜಪಾನಿನಿಂದ ಬಂದು ಇಲ್ಲಿ ಜೋಡಣೆಯಾದವು. 98 ಸಿಸಿ, 11 ಅಶ್ವಶಕ್ತಿಯ ಈ ಬೈಕು 1996ರಲ್ಲಿ ನಿಂತುಹೋಯಿತು. ಇಂದಿಗೂ "ಜಪಾನ್ ಇಂಜಿನ್" ಎಂಬ ಮಾತಿಗೆ ಹುಡುಗರ ಕಿವಿ ನಿಮಿರುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕತೆಯೂ ಹೀಗೆಯೇ. 1960ರಲ್ಲಿ ಕಂಪನಿ ಹುಟ್ಟಿ, 1961ರಲ್ಲಿ ಗಾಡಿಗಳು ಹೊರಬರತೊಡಗಿದಾಗ ಅವುಗಳಲ್ಲಿ ಜೆಕೊಸ್ಲೊವಾಕಿಯಾದ ಭಾಗಗಳಿದ್ದವು. ವಿದ್ಯುತ್ ಸಾಮಾನಿನ ಮೇಲೆ ಅಲ್ಲಿಯ ಪಿಎಎಲ್ ಗುರುತು. ಬರಬರುತ್ತ ಇಲ್ಲಿಯದೇ ಭಾಗ ಹೆಚ್ಚಾಯಿತು, 1973ರ ಹೊತ್ತಿಗೆ ಹೆಸರೂ ಯೆಜ್ಡಿ ಆಯಿತು. ಮೊದಲ ವರ್ಷಗಳ ಜಾವಾ ಎಂದು ಮಾರಾಟಕ್ಕಿಟ್ಟ ಗಾಡಿಯಲ್ಲಿ ಆಮೇಲಿನ ಭಾಗಗಳು ಕೂತಿರುವುದು ಸಾಮಾನ್ಯ. ಅದು ಯಾವಾಗಲೂ ಮೋಸವಲ್ಲ. ಅರವತ್ತು ವರ್ಷ ಓಡಿದ ಗಾಡಿ ಸಿಕ್ಕ ಭಾಗ ಹಾಕಿಕೊಂಡೇ ಓಡಿರುತ್ತದೆ.

ಜಗತ್ತು ಕಂಡ ಎರಡು ಪಾಠ

ಪಶ್ಚಿಮದವರು ಈ ವಿಷಯದಲ್ಲಿ ನಮಗಿಂತ ಮುಂಚೆ ಪೆಟ್ಟು ತಿಂದವರು. ಪೋರ್ಷೆ ಕಂಪನಿಯ 911 ಕರೇರಾ ಆರ್‌ಎಸ್ 2.7ರ ವಿಷಯ ನೋಡಿ. ರೇಸಿಗೆ ಅರ್ಹತೆ ಪಡೆಯಲು 500 ಗಾಡಿ ಮಾಡಿದ್ದರೆ ಸಾಕಿತ್ತು. ಬೇಡಿಕೆ ಹೆಚ್ಚಿ 1,580 ಆದವು. ತೆಳು ತಗಡು, ತೆಳು ಗಾಜು, 210 ಅಶ್ವಶಕ್ತಿ, ಹಿಂದೆ ಬಾತುಕೋಳಿಯ ಬಾಲದಂಥ ರೆಕ್ಕೆ. ಬೆಲೆ ಏರುತ್ತಿದ್ದಂತೆ ಸಾದಾ 911ಗೆ ಆ ಬಾಲ ಕೂರಿಸಿ, ಬದಿಗೆ ಕರೇರಾ ಎಂದು ಬರೆಸಿ ಹೊರಟವರು ಹುಟ್ಟಿಕೊಂಡರು. ಹಾಗಾಗಿ ಖರೀದಿದಾರರು ಬಾಲ ನೋಡುವುದನ್ನು ಬಿಟ್ಟು ಚಾಸಿ ನಂಬರ್, ಇಂಜಿನ್ ನಂಬರ್, ಗೇರ್‌ಬಾಕ್ಸ್ ನಂಬರ್ ಮೂರೂ ಕಾರ್ಖಾನೆಯ ದಾಖಲೆಯೊಂದಿಗೆ ಕೂಡಿಬರುತ್ತವೆಯೇ ಎಂದು ನೋಡುವುದನ್ನು ಕಲಿತರು. ಕಂಪನಿಗಳೇ ಪ್ರಮಾಣಪತ್ರ ಕೊಡುವ ಪದ್ಧತಿ ಬೆಳೆಯಿತು.

ಎರಡನೆಯ ಪಾಠ ಇನ್ನೂ ಆಳದ್ದು. 1929 ಮತ್ತು 1930ರಲ್ಲಿ ಲೆ ಮಾನ್ ರೇಸು ಗೆದ್ದ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರಿಗೆ "ಓಲ್ಡ್ ನಂಬರ್ ಒನ್" ಎಂದು ಹೆಸರು. ಆ ಕಾರನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ ಕಂಪನಿಯೊಂದು ಆಮೇಲೆ ಹಿಂದೆ ಸರಿಯಿತು. ರೇಸು ಗೆದ್ದ ದಿನದ ಭಾಗಗಳು ಇದರಲ್ಲಿ ಉಳಿದೇ ಇಲ್ಲ, ಇದು ಆ ಕಾರೇ ಅಲ್ಲ ಎಂಬುದು ಅದರ ವಾದ. 1990ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಆಟನ್ ಮಾರುವವನ ಪರ ತೀರ್ಪು ಕೊಟ್ಟರು. ಭಾಗಗಳು ಬದಲಾಗಿವೆ, ಅದನ್ನು ಮೂಲದಂತೆ ಉಳಿದ ಕಾರು ಎನ್ನಲಾಗದು. ಆದರೆ ರೇಸಿನ ದಿನದಿಂದ ಇಂದಿನವರೆಗೆ ಅದು ನಡುವೆ ಎಲ್ಲೂ ಮಾಯವಾಗಿ ಇನ್ನೊಂದಾಗಿ ಹುಟ್ಟಿಲ್ಲ, ಹಾಗಾಗಿ ಅದು ಅದೇ ಕಾರು ಎಂಬುದು ತೀರ್ಪಿನ ಸಾರ.

ಅಸಲಿ–ನಕಲಿಯ ಇಡೀ ಗಂಟು ಈ ತೀರ್ಪಿನಲ್ಲಿ ಬಿಚ್ಚುತ್ತದೆ ಎಂಬುದು ನನ್ನ ಅನಿಸಿಕೆ. ಅಸಲಿತನ ಬೋಲ್ಟು ನಟ್ಟುಗಳಲ್ಲಿ ಅರ್ಧ ಇದೆ. ಉಳಿದರ್ಧ ಎಲ್ಲೂ ಕಡಿಯದ ಚರಿತ್ರೆಯಲ್ಲಿದೆ. ಆ ಚರಿತ್ರೆಗೆ ಸಾಕ್ಷಿ ಹೇಳುವವರು ನಾಲ್ವರು: ನಂಬರು, ಕಾಗದ, ಲೋಹ, ಮನುಷ್ಯ.

ಮೊದಲ ಸಾಕ್ಷಿ: ನಂಬರು

ಚಾಸಿ ನಂಬರ್ ಮತ್ತು ಇಂಜಿನ್ ನಂಬರ್ ಗಾಡಿಯ ಜಾತಕ. ಹದಿನೇಳು ಅಕ್ಷರ–ಅಂಕಿಗಳ ಇಂದಿನ ಪದ್ಧತಿ ಹಳೆಯ ಗಾಡಿಗಳಿಗೆ ಇಲ್ಲ. ಆಗ ಒಂದೊಂದು ಕಂಪನಿಯದು ಒಂದೊಂದು ಕ್ರಮ. ಆರ್‌ಎಕ್ಸ್ 100ರ ನಂಬರು 1ಎಲ್1 ಎಂದು ಶುರುವಾಗುತ್ತದೆ ಎಂಬುದು ಬೈಕು ಬಲ್ಲ ಹುಡುಗರ ಬಾಯಿಪಾಠ. ಇಂಜಿನ್ ಮೇಲೆ ಬೇರೆ ಅಕ್ಷರ ಕಂಡರೆ ಟ್ಯಾಂಕಿನ ಮೇಲೆ ಏನೇ ಬರೆದಿರಲಿ, ಒಳಗಿರುವುದು ಅದರ ತಮ್ಮಂದಿರಲ್ಲಿ ಒಬ್ಬ.

ಮೋಸ ಮಾಡುವವರಿಗೂ ಈ ಪಾಠ ಬರುತ್ತದೆ. ಅದಕ್ಕೇ ನಂಬರನ್ನು ಓದಿದರೆ ಸಾಲದು, ಅದು ಕೂತ ಬಗೆಯನ್ನು ನೋಡಬೇಕು. ಕಾರ್ಖಾನೆಯಲ್ಲಿ ಪಂಚ್ ಮಾಡಿದ ಅಂಕಿಗಳ ಆಳ ಹೆಚ್ಚುಕಡಿಮೆ ಒಂದೇ, ಅಕ್ಷರದ ಮಾಟ ಒಂದೇ. ಕೈಯಲ್ಲಿ ಸುತ್ತಿಗೆ ಹಿಡಿದು ರೀಪಂಚ್ ಮಾಡಿದಾಗ ಒಂದು ಅಂಕಿ ಮೇಲೆ, ಒಂದು ಕೆಳಗೆ, ಒಂದು ಓರೆ. ಸುತ್ತಲಿನ ಲೋಹ ಒರಟಾಗಿದ್ದು ನಂಬರಿನ ಜಾಗ ಮಾತ್ರ ನಯವಾಗಿದ್ದರೆ ಅಲ್ಲಿ ಗ್ರೈಂಡರ್ ಓಡಿದೆ. ಆರ್‌ಟಿಒ ತಪಾಸಣೆಗೆ ಮಾಡುವಂತೆ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಕಣ್ಣಿಗೆ ಬೀಳದ ಓರೆಕೋರೆಯೂ ಕಾಗದದ ಮೇಲೆ ಮೂಡುತ್ತದೆ. ಖರೀದಿದಾರನ ಬಳಿ ಇರುವ ಅತಿ ಅಗ್ಗದ ಉಪಕರಣ ಇದೇ.

ಪೂರ್ತಿ ತಿಕ್ಕಿ ಅಳಿಸಿದ ನಂಬರೂ ಮಾತಾಡುತ್ತದೆ. ಪಂಚ್ ಬಿದ್ದಾಗ ಕೆಳಗಿನ ಪದರದ ಲೋಹವೂ ಒತ್ತಿಹೋಗಿರುತ್ತದೆ. ಮೇಲ್ಮೈ ಸವೆಸಿದರೂ ಒತ್ತಿದ ಜಾಗ ಆಮ್ಲಕ್ಕೆ ಬೇರೆ ರೀತಿ ಸ್ಪಂದಿಸುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದವರು ಕದ್ದ ಗಾಡಿಗಳ ಹಳೆಯ ನಂಬರನ್ನು ಓದುವುದು ಹೀಗೆ. ಅದು ಪೊಲೀಸರ ಕೆಲಸ. ನಮ್ಮ ನಿಮ್ಮಂಥವರು ಮಾಡಲು ಹೋದರೆ ಇದ್ದ ಸಾಕ್ಷ್ಯವೂ ಹಾಳು.

ಎರಡನೆಯ ಸಾಕ್ಷಿ: ಕಾಗದ

ನಮ್ಮ ಜಿಲ್ಲೆಯ ಚರಿತ್ರೆ ಗೊತ್ತಿದ್ದವನಿಗೆ ನಂಬರ್ ಪ್ಲೇಟೇ ಅರ್ಧ ಕತೆ ಹೇಳುತ್ತದೆ. 1956ರ ನವೆಂಬರ್ 1ರವರೆಗೆ ಉತ್ತರ ಕನ್ನಡ ಮುಂಬೈ ರಾಜ್ಯದಲ್ಲಿತ್ತು. ಅದಕ್ಕೂ ಹಿಂದಿನ ಕಾರೊಂದು ಕುಮಟೆಯ ಹಳೆಯ ಮನೆಯಲ್ಲಿ ಮುಂಬೈ ನೋಂದಣಿಯೊಂದಿಗೆ ಸಿಕ್ಕರೆ ಸಂಶಯ ಪಡಬೇಕಿಲ್ಲ. ಆಮೇಲೆ ಎಂವೈ ಎಂದು ಶುರುವಾಗುವ ಮೈಸೂರು ರಾಜ್ಯದ ನಂಬರುಗಳು, ಬಳಿಕ ಸಿಎ, ಸಿಎನ್ ಸರಣಿ ಬಂದವು. ಕೆಎ ಬಂದದ್ದು 1989ರಲ್ಲಿ ಹೊಸ ಕಾಯ್ದೆ ಜಾರಿಯಾದ ನಂತರ. ಹೊನ್ನಾವರದ್ದು ಕೆಎ 47.

ಈಗ ಯಾರಾದರೂ "1972ರ ಜಾವಾ, ಮೊದಲಿನಿಂದ ಊರಲ್ಲೇ ಇದ್ದದ್ದು" ಎಂದು ಕೆಎ 47 ನಂಬರಿನ ಗಾಡಿ ತೋರಿಸಿದರೆ ಒಂದು ಪ್ರಶ್ನೆ ಕೇಳಬೇಕು: ಆಗಿನ ಎಂವೈ ನಂಬರು ಎಲ್ಲಿ ಹೋಯಿತು? ಹೊರರಾಜ್ಯದಿಂದ ಎನ್‌ಒಸಿ ತಂದು ಮರುನೋಂದಣಿ ಆಗಿರಬಹುದು. ಆಗ "ಮೊದಲಿನಿಂದ ಊರಲ್ಲೇ" ಎಂಬ ಮಾತು ಬೀಳುತ್ತದೆ. ಮಿಲಿಟರಿ ಹರಾಜಿನಲ್ಲಿ ಬಂದ ಗಾಡಿಗಳದ್ದು ಇನ್ನೊಂದು ಬಗೆ. ಅವಕ್ಕೆ ಸಾಮಾನ್ಯ ನೋಂದಣಿ ಸಿಗುವುದೇ ಸೇನೆಯಿಂದ ಹೊರಬಿದ್ದ ಮೇಲೆ. ಹಾಗಾಗಿ ನೋಂದಣಿ ವರ್ಷಕ್ಕೂ ತಯಾರಾದ ವರ್ಷಕ್ಕೂ ದೊಡ್ಡ ಅಂತರ ಇರುತ್ತದೆ. ಅಂತರ ಇರುವುದು ತಪ್ಪಲ್ಲ. ಅದಕ್ಕೆ ಕಾರಣ ಹೇಳಲು ಬಾರದಿರುವುದು ತಪ್ಪು.

ಆರ್‌ಸಿ ಒಂದನ್ನೇ ನಂಬಿ ದುಡ್ಡು ಎಣಿಸಬಾರದು. ಆರ್‌ಟಿಒ ಕಚೇರಿಯಲ್ಲಿ ಅರ್ಜಿ ಕೊಟ್ಟು ಬಿ ಎಕ್ಸ್‌ಟ್ರಾಕ್ಟ್ ತೆಗೆಸಬೇಕು. ಮಾಲೀಕರು ಯಾರಿಂದ ಯಾರಿಗೆ ಬದಲಾದರು, ಸಾಲದ ಹೊರೆ ಇದೆಯೇ, ನಂಬರುಗಳು ಏನೆಂದು ಬರೆದಿವೆ ಎಂಬುದು ಅದರಲ್ಲಿ ತಿಳಿಯುತ್ತದೆ. ಪರಿವಾಹನ್ ಆ್ಯಪಿನಲ್ಲಿ ಮಾಹಿತಿ ಸಿಗದಿದ್ದರೆ ಗಾಬರಿ ಬೇಡ. ಹಳೆಯ ಕೈಬರಹದ ರಿಜಿಸ್ಟರುಗಳೆಲ್ಲ ಕಂಪ್ಯೂಟರಿಗೆ ಏರಿಲ್ಲ. ಆದರೆ ವರ್ಗಾವಣೆಗೆ ಅದು ಏರಲೇಬೇಕಾಗುತ್ತದೆ. ಆ ಓಡಾಟ ಮಾರುವವನ ಹೆಗಲಿಗೋ ಕೊಳ್ಳುವವನ ಹೆಗಲಿಗೋ ಎಂಬುದನ್ನು ಮುಂಗಡ ಕೊಡುವ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು.

ಒಂದು ಮಿತಿಯನ್ನು ಒಪ್ಪಿಕೊಳ್ಳಬೇಕು. ಜರ್ಮನಿಯ ಕಾರಿನವನು ಕಂಪನಿಗೆ ಬರೆದು ಕೇಳಬಹುದು. ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೆ ಯೆಜ್ಡಿಯವನು ಯಾರಿಗೆ ಬರೆಯುವುದು? ಅದಕ್ಕೇ ನಮ್ಮಲ್ಲಿ ಹಳೆಯ ಬಿಲ್ಲು, ಸರ್ವಿಸ್ ಪುಸ್ತಕ, ತೆರಿಗೆ ರಸೀದಿ, ಇನ್ಶೂರೆನ್ಸ್ ಚೀಟಿಗಳಿಗೆ ಹೊರದೇಶಕ್ಕಿಂತ ಹೆಚ್ಚಿನ ಬೆಲೆ ಬರಬೇಕು.

ಮೂರನೆಯ ಸಾಕ್ಷಿ: ಲೋಹ

ಕರಾವಳಿಯಲ್ಲಿ ಈ ಸಾಕ್ಷಿಯ ಮಾತನ್ನು ಎಚ್ಚರದಿಂದ ಕೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ವರ್ಷವಿಡೀ ಉಪ್ಪುಗಾಳಿ. ಕಾಸರಕೋಡಿನ ಮರಳ ದಂಡೆಯ ಹತ್ತಿರವೋ ಜಾಲಿ ಕಡಲತೀರದ ಬದಿಯಲ್ಲೋ ಹತ್ತು ವರ್ಷ ನಿಂತ ಗಾಡಿಯ ಚಾಸಿ ನಂಬರನ್ನು ತುಕ್ಕೇ ತಿಂದು ಮುಗಿಸಿರಬಹುದು. ಘಟ್ಟದ ಮೇಲಿನವರು ಇದನ್ನು ನೋಡಿ ಮೋಸ ಎಂದುಬಿಡುತ್ತಾರೆ. ನಿಜವಾದ ತುಕ್ಕಿಗೂ ಗ್ರೈಂಡರಿಗೂ ವ್ಯತ್ಯಾಸ ಇದೆ: ತುಕ್ಕು ಅಕ್ಷರದ ಒಳಗೂ ಹೊರಗೂ ಒಂದೇ ಸಮ ತಿನ್ನುತ್ತದೆ, ಅಂಚು ಮೊಂಡಾಗುತ್ತದೆ, ಗುಳಿ ಬೀಳುತ್ತದೆ. ಗ್ರೈಂಡರ್ ಚಪ್ಪಟೆ ಮಾಡುತ್ತದೆ.

ತಿರುಗಿಸಿ ನೋಡಿದರೂ ಅಷ್ಟೇ ನಿಜ. ನಲವತ್ತು ವರ್ಷ ಭಟ್ಕಳದಲ್ಲೇ ಇದ್ದ ಗಾಡಿಯ ಮಡ್‌ಗಾರ್ಡಿನ ಒಳಮೈಯಲ್ಲಿ ಒಂದು ಚುಕ್ಕೆ ತುಕ್ಕೂ ಇಲ್ಲದಿದ್ದರೆ, ಆ ಮಡ್‌ಗಾರ್ಡು ಹೊಸದು ಅಥವಾ ಆ ಕತೆ ಹೊಸದು.

ಕಾರಾದರೆ ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ. ಪುಟ್ಟಿ ಬಳಿದು ಮುಚ್ಚಿದ ಕಡೆ ಅದು ಹಿಡಿಯುವುದಿಲ್ಲ. ಗಾಜಿನ ಮೂಲೆಯ ಗುರುತು, ಎರಕದ ಭಾಗಗಳ ಮೇಲಿನ ಅಚ್ಚು, ವೆಲ್ಡಿಂಗಿನ ಹೊಲಿಗೆ ಎಲ್ಲವೂ ಒಂದೇ ಕಾಲದವೇ ಎಂದು ನೋಡಬೇಕು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇದ್ದರೆ ಮೊದಲೆರಡು ವಾರ, ಕೊನೆಯೆರಡು ವರ್ಷ. 2000ಕ್ಕಿಂತ ಹಿಂದೆ ಈ ನಾಲ್ಕಂಕಿ ಇರಲಿಲ್ಲ. "ಟೈರು ಕೂಡ ಕಂಪನಿಯದೇ" ಎನ್ನುವವನ ಮಾತನ್ನು ಅಲ್ಲೇ ಪರೀಕ್ಷಿಸಬಹುದು. ಬೈಕಾದರೆ ಸವೆತ ನೋಡಿ. ಮೀಟರು ಹನ್ನೆರಡು ಸಾವಿರ ಕಿಲೋಮೀಟರ್ ತೋರಿಸುತ್ತಿದ್ದು ಫುಟ್‌ರೆಸ್ಟಿನ ರಬ್ಬರು ಬೋಳಾಗಿದ್ದರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ. ರಬ್ಬರಿಗೆ ಸುಳ್ಳು ಹೇಳಲು ಬರುವುದಿಲ್ಲ.

ಇಲ್ಲೊಂದು ತಮಾಷೆಯೂ ಇದೆ. ರಾಜ್‌ದೂತ್ 350ಯನ್ನು ಹೊಸದಾಗಿ ಕಟ್ಟಿಸುವವರು ಹಲವರು ಮುಂಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿಸಿ, ಟ್ಯಾಂಕಿನ ಮೇಲೆ ಯಮಹಾ ಆರ್‌ಡಿ 350 ಎಂದು ಬರೆಸುತ್ತಾರೆ. ಕಂಪನಿಯಿಂದ ಬಂದಾಗ ನಮ್ಮ ಗಾಡಿಗೆ ಇದ್ದದ್ದು ಡ್ರಮ್ ಬ್ರೇಕು, ಹೆಸರು ರಾಜ್‌ದೂತ್. ಜಪಾನಿನದನ್ನಾಗಿ ಮಾಡಲು ಹೋಗಿ ಅಸಲಿ ಭಾರತೀಯ ಗಾಡಿಯನ್ನು ತಾವೇ ನಕಲಿ ಮಾಡಿಬಿಡುತ್ತಾರೆ.

ನಾಲ್ಕನೆಯ ಸಾಕ್ಷಿ: ಮನುಷ್ಯ

ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್ ಇರುವ ಯೆಜ್ಡಿಯನ್ನು ಬಿಚ್ಚಿ ಜೋಡಿಸಬಲ್ಲ ಹಳೆಯ ಮೆಕ್ಯಾನಿಕ್‌ಗಳು ಪ್ರತಿ ತಾಲೂಕಿನಲ್ಲೂ ಇದ್ದರು, ಈಗ ಕಡಿಮೆಯಾಗುತ್ತಿದ್ದಾರೆ. ಇಂಜಿನ್ ಶಬ್ದದಲ್ಲೇ ರೋಡ್‌ಕಿಂಗ್ ಯಾವುದು, ಕ್ಲಾಸಿಕ್ ಯಾವುದು ಎಂದು ಹೇಳಬಲ್ಲ ಇಂಥವರ ತಿಳಿವಳಿಕೆ ಯಾವ ಪುಸ್ತಕದಲ್ಲೂ ಇಲ್ಲ. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರಿನಂಥ ಊರುಗಳಲ್ಲಿ ನಡೆಯುವ ಜಾವಾ–ಯೆಜ್ಡಿ ದಿನ ಕೂಡ ಇಂಥ ತಿಳಿವಳಿಕೆಯ ಸಂತೆಯೇ. ಒಂದೇ ಮಾದರಿಯ ಹತ್ತು ಗಾಡಿಗಳನ್ನು ಸಾಲಾಗಿ ನೋಡಿದವನಿಗೆ ಹನ್ನೊಂದನೆಯದರ ಹುಳುಕು ತಾನಾಗಿ ಕಾಣುತ್ತದೆ. ಕಾರಿನ ಕಣ್ಣು ಪಳಗಿಸಿಕೊಳ್ಳಬೇಕಾದವರು ಧರ್ಮಸ್ಥಳಕ್ಕೆ ಹೋದಾಗ ದೇವರ ದರ್ಶನ ಮುಗಿಸಿ ಅಲ್ಲಿಯ ಹಳೆಯ ಕಾರುಗಳ ಸಂಗ್ರಹದಲ್ಲಿ ಒಂದು ಗಂಟೆ ಕಳೆಯಲಿ.

ಮನುಷ್ಯ ಸಾಕ್ಷಿಯ ದೌರ್ಬಲ್ಯವೂ ಗೊತ್ತಿರಲಿ. ಮೆಚ್ಚಿದ ಗಾಡಿಯ ಬಗ್ಗೆ ಮಾತಾಡುವಾಗ ನೆನಪು ಬಣ್ಣ ಕಟ್ಟುತ್ತದೆ. "ಅಪ್ಪ ಶೋರೂಮಿನಿಂದ ಓಡಿಸಿಕೊಂಡು ಬಂದದ್ದು" ಎಂಬ ಮಾತು ಕಾಗದದೊಂದಿಗೆ ಕೂಡಿಬಂದರೆ ಚರಿತ್ರೆ, ಬರದಿದ್ದರೆ ಬರೀ ಪ್ರೀತಿ.

ಕಾನೂನು ಏನು ಹೇಳುತ್ತದೆ?

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆಯೇ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ, ಚಾಸಿ, ಮೈ ಮತ್ತು ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗದ ದ್ವಿಚಕ್ರ, ನಾಲ್ಕು ಚಕ್ರದ ಖಾಸಗಿ ವಾಹನಗಳಿಗೆ ನಂಬರಿನಲ್ಲಿ ವಿಎ ಅಕ್ಷರ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ. ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಲೆಕ್ಕ ಹಾಕಿದರೆ 1961ರ ಜಾವಾ ಈ ಮಾನಕ್ಕೆ ಯಾವತ್ತೋ ಅರ್ಹ. 1983ರ ಎಚ್‌ಟಿ 2033ರವರೆಗೆ ಕಾಯಬೇಕು. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫೀವಾ ಮೂವತ್ತು ವರ್ಷಕ್ಕೇ ಐತಿಹಾಸಿಕ ಎನ್ನುತ್ತದೆ. ನಮ್ಮ ಕಾನೂನು ಇನ್ನಿಪ್ಪತ್ತು ವರ್ಷ ತಾಳ್ಮೆ ಕೇಳುತ್ತದೆ.

ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಹೇಳಿದೆ. ಇಂಜಿನ್ ಬದಲಿಸಿದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಲೇಬೇಕು. ಬರೆಸಿದ ಬದಲಾವಣೆ ಗಾಡಿಯ ಮಾನ ಕಳೆಯುವುದಿಲ್ಲ. ಬೆಂಟ್ಲಿಯ ತೀರ್ಪು ಹೇಳಿದ ಕಡಿಯದ ಚರಿತ್ರೆ ಅಂದರೆ ಇದೇ.

ವೇಷ ಮತ್ತು ಮೋಸ

ಹಾಗಾದರೆ ನಕಲಿ ಮಾಡುವುದೇ ತಪ್ಪೇ? ನಮ್ಮದು ಯಕ್ಷಗಾನದ ಸೀಮೆ. ರಂಗಸ್ಥಳಕ್ಕೆ ಬಂದ ಕೌರವ ಬೆಳಗಾದರೆ ಗದ್ದೆಗೆ ಹೋಗುವವನು ಎಂದು ಎದುರು ಕೂತ ಎಲ್ಲರಿಗೂ ಗೊತ್ತು. ಆದರೂ ಕಿರೀಟಕ್ಕೆ ಬೆಲೆ ಇದೆ. ಸಾದಾ ಎಲ್‌ಟಿಯನ್ನು ಎಚ್‌ಟಿಯಂತೆ ಕಟ್ಟಿಸಿ, ಹಾಗೆಂದು ಹೇಳಿಯೇ ಓಡಿಸುವವನು ವೇಷ ಹಾಕಿದ್ದಾನೆ, ಅದರಲ್ಲಿ ಕಲೆಯೂ ಇದೆ. ಆ ವೇಷದಲ್ಲೇ ಹಸ್ತಿನಾವತಿಯ ಪಹಣಿ ತೋರಿಸಿ ದುಡ್ಡು ಕೇಳಿದಾಗ ಮಾತ್ರ ಅದು ಮೋಸ.

ಒಟ್ಟಾರೆ ನೋಡಿದರೆ ಯಾವ ಸಾಕ್ಷಿಯೂ ಒಂಟಿಯಾಗಿ ಗೆಲ್ಲುವುದಿಲ್ಲ. ನಂಬರನ್ನು ರೀಪಂಚ್ ಮಾಡಬಹುದು, ಕಾಗದ ಕಳೆದುಹೋಗಬಹುದು, ಲೋಹವನ್ನು ಉಪ್ಪು ತಿನ್ನಬಹುದು, ಮನುಷ್ಯ ಮರೆಯಬಹುದು. ನಾಲ್ವರಲ್ಲಿ ಮೂವರು ಒಂದೇ ಕತೆ ಹೇಳಿದರೆ ಗಾಡಿಯನ್ನು ನಂಬಬಹುದು. ಇಬ್ಬರು ಮಾತ್ರ ಹೇಳಿದರೆ ಸಾದಾ ಗಾಡಿಯ ಬೆಲೆ ಕೊಡಿ, ವಿಶೇಷದ ಬೆಲೆ ಬೇಡ. ಒಬ್ಬನೇ ಹೇಳುತ್ತಿದ್ದು ಆ ಒಬ್ಬ ಮಾರುವವನೇ ಆಗಿದ್ದರೆ ಚಹಾ ಕುಡಿದು ಎದ್ದು ಬನ್ನಿ.

ಈಗಾಗಲೇ ಮನೆಯಲ್ಲಿ ಹಳೆಯ ಗಾಡಿ ಇರುವವರಿಗೆ ಒಂದು ಮಾತು. ಈ ಸಲ ಮಳೆ ಹಿಡಿಯುವ ಮೊದಲು ಚಾಸಿ ಮತ್ತು ಇಂಜಿನ್ ನಂಬರುಗಳ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ತಾರೀಕು ಬರೆದು ಇಡಿ. ಫೋಟೋ ತೆಗೆದಿಡಿ. ನಂಬರಿನ ಜಾಗಕ್ಕೆ ಸ್ವಲ್ಪ ಗ್ರೀಸು ಹಚ್ಚಿ. ಅಪ್ಪನ ಪೆಟ್ಟಿಗೆಯಲ್ಲಿರುವ ಹಳದಿ ಬಿದ್ದ ಆರ್‌ಸಿ ಪುಸ್ತಕ, ತೆರಿಗೆ ಚೀಟಿ, ಗ್ಯಾರೇಜಿನ ಬಿಲ್ಲುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಗೆದ್ದಲು ಮುಟ್ಟದ ಕಡೆ ಇಡಿ. ಹಳೆಯ ಪೇಪರಿನ ಜೊತೆ ಅವು ಗುಜರಿಗೆ ಹೋಗದಿರಲಿ.